ಅಡೂರ್ ಗೋಪಾಲಕೃಷ್ಣನ್ ಸಿನಿಮಾಗಳ ಒಳಗೆ ಹೋಗುವ ದಾರಿ

ಮಲಯಾಳಂ ಸಿನಿಮಾ ನೋಡದ ಕನ್ನಡಿಗರು ಈಗ ಕಡಿಮೆ. ಓಟಿಟಿ ಬಂದ ಮೇಲಂತೂ ಒಳ್ಳೆಯ ಚಿತ್ರವೊಂದು ಬಂದ ವಾರವೇ ಅದರ ಮಾತು ಶುರುವಾಗುತ್ತದೆ. ಮಮ್ಮುಟ್ಟಿ, ಫಹಾದ್ ಫಾಸಿಲ್ ನಮ್ಮವರೇ ಅನ್ನುವಷ್ಟು ಹತ್ತಿರವಾಗಿದ್ದಾರೆ. ಆದರೆ ಅದೇ ಭಾಷೆಯ ಅಡೂರ್ ಗೋಪಾಲಕೃಷ್ಣನ್ ಹೆಸರು ಬಂದ ಕೂಡಲೇ ಉತ್ಸಾಹ ತಗ್ಗುತ್ತದೆ. ದೊಡ್ಡ ನಿರ್ದೇಶಕರು, ಫಾಲ್ಕೆ ಪ್ರಶಸ್ತಿ ಬಂದಿದೆ, ಎಲ್ಲ ಸರಿ. ಸಿನಿಮಾ ಮಾತ್ರ ತುಂಬಾ ನಿಧಾನ ಅಲ್ವಾ ಅನ್ನುತ್ತಾರೆ.

ನಿಧಾನ ಹೌದು. ಒಬ್ಬ ಮನುಷ್ಯ ಉಗುರು ಕತ್ತರಿಸುವುದನ್ನು, ಒಬ್ಬ ಹೆಂಗಸು ಕೆರೆಯ ಕಡೆ ನಡೆದು ಹೋಗುವುದನ್ನು ಅಡೂರ್ ಪೂರ್ತಿ ತೋರಿಸುತ್ತಾರೆ. ಆ ಹೊತ್ತಿನಲ್ಲಿ ಏನು ನಡೆಯುತ್ತಿದೆ ಅಂತ ತಿಳಿಯದಿದ್ದರೆ ಕೂತು ನೋಡುವುದು ಕಷ್ಟವೇ. ತಿಳಿಯತೊಡಗಿದರೆ ಅದೇ ದೃಶ್ಯದಲ್ಲಿ ಎಷ್ಟೊಂದು ತುಂಬಿದೆ ಅಂತ ಬೆರಗಾಗುತ್ತದೆ. ನನ್ನ ಮಟ್ಟಿಗೆ ಈ ಬದಲಾವಣೆ ಒಂದೇ ದಿನದಲ್ಲಿ ಆಗಲಿಲ್ಲ. ಒಂದು ಚಿತ್ರ ಇನ್ನೊಂದನ್ನು ತೆರೆಯಿತು. ಕೇರಳದ ಒಂದಿಷ್ಟು ಚರಿತ್ರೆ ಓದಿದ ಮೇಲೆ ಮತ್ತಷ್ಟು ತೆರೆಯಿತು. ಆ ದಾರಿಯನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅಡೂರರ ಚಿತ್ರಗಳಲ್ಲಿ ಕಥೆಯ ಅರ್ಧ ಭಾಗ ಪರದೆಯ ಆಚೆ ನಡೆಯುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಯಾವುದೋ ಒಂದರ ಒಳಗೆ ಸಿಕ್ಕಿಕೊಂಡ ಮನುಷ್ಯ. ಅದು ಹಳೆಯ ಮನೆ ಇರಬಹುದು, ಜೈಲು ಇರಬಹುದು, ಒಡೆಯನ ಭಯ ಇರಬಹುದು, ತನ್ನದೇ ತಲೆ ಇರಬಹುದು. ಹೊರಗಿನ ಜಗತ್ತು ಅವನ ಹತ್ತಿರ ಒಂದು ಸದ್ದಾಗಿ, ಒಂದು ಸುದ್ದಿಯಾಗಿ, ಬಾಗಿಲಿಗೆ ಬಂದು ನಿಂತ ಯಾರೋ ಒಬ್ಬರಾಗಿ ಬರುತ್ತದೆ. ಅವನು ಅದನ್ನು ನೋಡಲು ಒಪ್ಪುವುದಿಲ್ಲ. ಕ್ಯಾಮೆರಾ ಅವನ ಜೊತೆ ಒಳಗೇ ಇರುತ್ತದೆ. ಆದ್ದರಿಂದ ಹೊರಗೆ ಆಗುತ್ತಿರುವುದನ್ನು ನಾವು ಕೇಳಿಸಿಕೊಂಡು, ಊಹಿಸಿಕೊಂಡು ತಿಳಿಯಬೇಕು. ಇದು ಹಿಡಿತಕ್ಕೆ ಸಿಕ್ಕರೆ ಉಳಿದದ್ದು ತಾನಾಗಿ ಬರುತ್ತದೆ.

ಕಥಕ್ಕಳಿ ಮನೆಯಿಂದ ಪುಣೆಗೆ

ಅಡೂರ್ ಹುಟ್ಟಿದ್ದು 1941ರಲ್ಲಿ, ತಿರುವಾಂಕೂರಿನ ಅಡೂರು ಪಟ್ಟಣದ ಹತ್ತಿರ. ಕಥಕ್ಕಳಿಗೆ ಆಶ್ರಯ ಕೊಟ್ಟ ಕುಟುಂಬ. ಚಿಕ್ಕಂದಿನಿಂದ ನಾಟಕದ ಹುಚ್ಚು. ತಮಿಳುನಾಡಿನ ಗಾಂಧಿಗ್ರಾಮದಲ್ಲಿ ಓದಿ, ಸ್ವಲ್ಪ ಕಾಲ ಸರ್ಕಾರಿ ಕೆಲಸ ಮಾಡಿ, 1962ರಲ್ಲಿ ಪುಣೆಯ ಫಿಲಂ ಇನ್‌ಸ್ಟಿಟ್ಯೂಟ್ ಸೇರಿದರು. ಚಿತ್ರಕಥೆ ಕಲಿತರೆ ನಾಟಕ ಬರೆಯಲು ಸಹಾಯವಾದೀತು ಅನ್ನುವುದು ಆಗಿನ ಯೋಚನೆ. ಅಲ್ಲಿ ಬಂಗಾಳಿ ನಿರ್ದೇಶಕ ಋತ್ವಿಕ್ ಘಟಕ್ ಪಾಠ ಮಾಡುತ್ತಿದ್ದರು. ಜಗತ್ತಿನ ಸಿನಿಮಾಗಳನ್ನು ನೋಡುವ ಅವಕಾಶವಿತ್ತು. ನಾಟಕ ಹಿಂದೆ ಸರಿಯಿತು.

ಊರಿಗೆ ವಾಪಸ್ಸಾದ ಮೇಲೆ ಸಿನಿಮಾ ಮಾಡಲು ಓಡಲಿಲ್ಲ. 1965ರಲ್ಲಿ ಗೆಳೆಯರ ಜೊತೆ ಸೇರಿ ತಿರುವನಂತಪುರದಲ್ಲಿ 'ಚಿತ್ರಲೇಖಾ' ಫಿಲಂ ಸೊಸೈಟಿ ಕಟ್ಟಿದರು. ಜೊತೆಗೆ ಚಿತ್ರ ತಯಾರಿಸಲು ಒಂದು ಸಹಕಾರಿ ಸಂಘ. ಮೊದಲು ನೋಡುಗರನ್ನು ತಯಾರು ಮಾಡಬೇಕು ಅನ್ನುವ ಆ ಬುದ್ಧಿ ನನಗೆ ತುಂಬಾ ಮುಖ್ಯ ಅನಿಸುತ್ತದೆ. ಮೊದಲ ಚಿತ್ರ 'ಸ್ವಯಂವರಂ' ಬಂದಿದ್ದು 1972ರಲ್ಲಿ. ಕೇಂದ್ರ ಸರ್ಕಾರದ ಫಿಲಂ ಫೈನಾನ್ಸ್ ಕಾರ್ಪೊರೇಷನ್ ಸಾಲ ಕೊಟ್ಟಿತ್ತು. ಅದಕ್ಕೆ ಮೊದಲು ಕಳಿಸಿದ್ದ ಒಂದು ಚಿತ್ರಕಥೆಯನ್ನು ಅದೇ ಸಂಸ್ಥೆ ತಿರಸ್ಕರಿಸಿತ್ತು. 'ಸ್ವಯಂವರಂ'ಗೆ ಆ ವರ್ಷದ ಅತ್ಯುತ್ತಮ ಚಿತ್ರ, ನಿರ್ದೇಶನ, ನಟಿ, ಛಾಯಾಗ್ರಹಣದ ರಾಷ್ಟ್ರಪ್ರಶಸ್ತಿಗಳು ಬಂದವು. ಮನೆಯವರನ್ನು ಬಿಟ್ಟು ಪಟ್ಟಣಕ್ಕೆ ಬಂದ ಗಂಡು ಹೆಣ್ಣಿನ ಕಥೆ. ಮಧು ಮತ್ತು ಶಾರದಾ ನಟಿಸಿದ್ದಾರೆ. ಪ್ರೀತಿ ಗೆದ್ದ ಮೇಲೆ ಬಾಡಿಗೆ, ಕೆಲಸ, ಅಕ್ಕಿ ಬೇಳೆಯ ಹೊತ್ತಿಗೆ ಏನಾಗುತ್ತದೆ ಅಂತ ಅದು ತೋರಿಸುತ್ತದೆ.

ಆ ಕಾಲವನ್ನು ಕನ್ನಡದವರು ಸುಲಭವಾಗಿ ಗುರುತಿಸಬಹುದು. 1970ರಲ್ಲಿ 'ಸಂಸ್ಕಾರ', 1975ರಲ್ಲಿ 'ಚೋಮನ ದುಡಿ', 1977ರಲ್ಲಿ 'ಘಟಶ್ರಾದ್ಧ' ದೇಶದ ಅತ್ಯುತ್ತಮ ಚಿತ್ರಗಳಾದವು. ನಡುವೆ 1972 ಮತ್ತು 1973ರಲ್ಲಿ ಆ ಪ್ರಶಸ್ತಿ ಮಲಯಾಳಕ್ಕೆ ಹೋಯಿತು. ಎರಡೂ ಕಡೆ ಒಂದೇ ಗಾಳಿ ಬೀಸುತ್ತಿತ್ತು. ಗಿರೀಶ್ ಕಾಸರವಳ್ಳಿ ಕೂಡ ಪುಣೆಯ ಅದೇ ಶಾಲೆಯವರು. ಮುಂದೆ ಅವರು ಅಡೂರರ ಮೇಲೆ ಒಂದು ಸಾಕ್ಷ್ಯಚಿತ್ರ ಮಾಡಿದರು. ಒಬ್ಬ ನಿರ್ದೇಶಕ ಇನ್ನೊಬ್ಬ ನಿರ್ದೇಶಕನ ಕೆಲಸವನ್ನು ಗೌರವದಿಂದ ನೋಡುವ ಬಗೆ ಅದರಲ್ಲಿದೆ.

ಕಥಕ್ಕಳಿಯ ಮಾತಿಗೆ ಒಮ್ಮೆ ವಾಪಸ್ ಬರಬೇಕು. ಕಥಕ್ಕಳಿಯಲ್ಲಿ, ಅದಕ್ಕಿಂತ ಹಳೆಯ ಕೂಡಿಯಾಟ್ಟಂನಲ್ಲಿ, ನಟ ಒಂದೇ ಸಾಲನ್ನು ಎತ್ತಿಕೊಂಡು ಎಷ್ಟೋ ಹೊತ್ತು ಬೆಳೆಸುತ್ತಾನೆ. ಕಥೆ ಎಲ್ಲರಿಗೂ ಗೊತ್ತು. ಮುಂದೇನು ಅನ್ನುವ ಆತುರ ಯಾರಿಗೂ ಇಲ್ಲ. ಈ ಕ್ಷಣದಲ್ಲಿ ಇವನೊಳಗೆ ಏನಾಗುತ್ತಿದೆ ಅನ್ನುವುದೇ ನೋಡುವ ವಿಷಯ. ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡೂರ್ ಕಥಕ್ಕಳಿ, ಕೂಡಿಯಾಟ್ಟಂ ಕಲಾವಿದರ ಬಗ್ಗೆ ಹಲವು ಸಾಕ್ಷ್ಯಚಿತ್ರ ಮಾಡಿದ್ದಾರೆ, ಯಕ್ಷಗಾನದ ಬಗ್ಗೆಯೂ ಒಂದು. ಅವರ ಕಥಾಚಿತ್ರಗಳಲ್ಲಿ ಆ ವೇಷ, ಆ ಕುಣಿತ ಅಷ್ಟಾಗಿ ಕಾಣುವುದಿಲ್ಲ. ಆದರೆ ಒಂದು ಸಣ್ಣ ಕ್ರಿಯೆಯ ಮೇಲೆ ನಿಂತು ಕಾಯುವ ಅಭ್ಯಾಸ ಅಲ್ಲಿಂದಲೇ ಬಂದಿರಬೇಕು ಅಂತ ನನ್ನ ನಂಬಿಕೆ.

ಕನ್ನಡಿಗರಿಗೆ ಹತ್ತಿರದ ಬಾಗಿಲು

ನನ್ನನ್ನು ಮೊದಲು ಹಿಡಿದು ಕೂರಿಸಿದ ಚಿತ್ರ 1993ರ 'ವಿಧೇಯನ್'. ಕನ್ನಡದವರು ಇದರಿಂದಲೇ ಶುರು ಮಾಡಬಹುದು. ಕಥೆ ನಡೆಯುವುದು ನಮ್ಮ ದಕ್ಷಿಣ ಕನ್ನಡದ ಕಾಡಂಚಿನಲ್ಲಿ. ತಿರುವಾಂಕೂರಿನ ಕ್ರಿಶ್ಚಿಯನ್ ರೈತರು ಭೂಮಿ ಹುಡುಕಿಕೊಂಡು ಮಲಬಾರಿಗೆ, ಅಲ್ಲಿಂದ ಮೇಲಕ್ಕೆ ನಮ್ಮ ಕಡೆಗೆ ಬಂದ ಕಾಲ. ಹಾಗೆ ಬಂದವನೊಬ್ಬ ತೊಮ್ಮಿ. ಅವನ ಹೆಂಡತಿ ಓಮನಾ. ಆ ಊರಿನ ಒಡೆಯ ಭಾಸ್ಕರ ಪಟೇಲರು. ಪಟೇಲಿಕೆ ಕಾನೂನಿನಲ್ಲಿ ಹೋಗಿದ್ದರೂ ದರ್ಪ ಹಾಗೇ ಉಳಿದಿದೆ. ಪೌಲ್ ಜಕರಿಯಾ ಬರೆದ ಕಿರುಕಾದಂಬರಿ ಇದಕ್ಕೆ ಮೂಲ.

ಪಟೇಲರಾಗಿ ಮಮ್ಮುಟ್ಟಿ. ಕನ್ನಡ ಬೆರೆತ ಒಂದು ಒರಟು ಮಲಯಾಳ ಮಾತಾಡುತ್ತಾರೆ. ಕರಾವಳಿಯವರಿಗೆ ಆ ಮಾತಿನ ಧಾಟಿ ಕಿವಿಗೆ ಬಿದ್ದ ಕೂಡಲೇ ಮನುಷ್ಯನ ಗುರುತು ಸಿಗುತ್ತದೆ. ಶುರುವಿನಲ್ಲೇ ಪಟೇಲರು ತೊಮ್ಮಿಯನ್ನು ಒದೆಯುತ್ತಾರೆ, ಮುಖಕ್ಕೆ ಉಗಿಯುತ್ತಾರೆ. ಆಮೇಲೆ ಓಮನಾಳ ಮೇಲೆ ಅತ್ಯಾಚಾರ ಮಾಡುತ್ತಾರೆ. ತೊಮ್ಮಿಗೆ ಸಿಟ್ಟು ಬರುತ್ತದೆ, ಅಳು ಬರುತ್ತದೆ. ಬೇರೆ ಯಾವುದೇ ಸಿನಿಮಾ ಆಗಿದ್ದರೆ ಅವನು ಕತ್ತಿ ಹಿಡಿಯುವುದನ್ನು ಕಾಯುತ್ತಾ ಕೂರುತ್ತಿದ್ದೆವು.

ಇಲ್ಲಿ ಬೇರೆಯೇ ಆಗುತ್ತದೆ. ಪಟೇಲರು ಅವನಿಗೆ ಜಾಗ ಕೊಡುತ್ತಾರೆ, ಕೆಲಸ ಕೊಡುತ್ತಾರೆ, ಬಟ್ಟೆ ಕೊಡುತ್ತಾರೆ. ತೊಮ್ಮಿ ನಿಧಾನವಾಗಿ ಅವರ ನೆರಳಾಗುತ್ತಾನೆ. ಒಂದು ಘಟ್ಟದಲ್ಲಿ ಹೆಂಡತಿಯ ಮೈಯಿಂದ ಬರುವ ಪಟೇಲರ ಸೆಂಟಿನ ವಾಸನೆ ತನಗೆ ಇಷ್ಟ ಅಂತಾನೆ. ನೋಡುವವರಿಗೆ ಮೈ ಜುಂ ಅನ್ನುವ ಮಾತು ಅದು. ಅಷ್ಟು ಹೊತ್ತಿಗೆ ಪಟೇಲರ ಕೋವಿ ಹೊರುವವನು, ಅವರ ಪಾಪದಲ್ಲಿ ಕೈ ಜೋಡಿಸುವವನು ಅವನೇ. ಪಟೇಲರ ಹೆಂಡತಿ ಸರೋಜಾ ಒಬ್ಬಳೇ ಅವನ ಮೇಲೆ ಕರುಣೆ ತೋರಿದವಳು. ಅವಳ ಕೊಲೆಯಲ್ಲೂ ಅವನು ಜೊತೆಗಿರುತ್ತಾನೆ.

ಬಲ ಅನ್ನುವುದು ಹೇಗೆ ಕೆಲಸ ಮಾಡುತ್ತದೆ ಅಂತ ಎಷ್ಟೋ ಪುಸ್ತಕಗಳು ವಿವರಿಸಿವೆ. ತುಳಿಯುವವನು ಹೊಡೆದಷ್ಟೇ ನಿಲ್ಲಿಸುವುದಿಲ್ಲ, ಕೊಡುವವನೂ ಆಗುತ್ತಾನೆ. ತುಳಿಸಿಕೊಂಡವನು ಆ ಕೈಯನ್ನೇ ಆಸರೆ ಅಂದುಕೊಳ್ಳುತ್ತಾನೆ. ಎಂ. ಆರ್. ಗೋಪಕುಮಾರ್ ಅವರ ತೊಮ್ಮಿಯನ್ನು ನೋಡುವಾಗ ಇದು ಪಾಠದ ಹಾಗೆ ಬರುವುದಿಲ್ಲ. ಅವರ ಬೆನ್ನು ಬಾಗುವ ರೀತಿಯಲ್ಲಿ, ಓಡುತ್ತಾ ಹಿಂದೆ ಬರುವ ಹೆಜ್ಜೆಯಲ್ಲಿ ಬರುತ್ತದೆ. ಕೊನೆಗೆ ಪಟೇಲರು ಗುಂಡಿಗೆ ಬಲಿಯಾದಾಗ ತೊಮ್ಮಿಗೆ ಮೊದಲು ಬರುವುದು ದುಃಖ. ತಾನು ಬಿಡುಗಡೆಯಾದೆ ಅಂತ ಅವನಿಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕು. ಆ ಸ್ವಲ್ಪ ಹೊತ್ತನ್ನು ಅಡೂರ್ ಕತ್ತರಿಸುವುದಿಲ್ಲ. ಆಮೇಲೆ ಅವನು ಕೋವಿಯನ್ನು ನೀರಿಗೆ ಎಸೆದು ಓಡುತ್ತಾನೆ. ಚಿತ್ರ ನಿಧಾನವಾಗಿ ಯಾಕೆ ಸಾಗಿತು ಅನ್ನುವುದಕ್ಕೆ ಉತ್ತರ ಆ ಒಂದು ಗಳಿಗೆಯಲ್ಲಿದೆ.

ಈ ಚಿತ್ರದ ಸಂಗೀತ ವಿಜಯಭಾಸ್ಕರ್ ಅವರದು. ಹೌದು, ನಮ್ಮ 'ಗೆಜ್ಜೆಪೂಜೆ', 'ನಾಗರಹಾವು' ಚಿತ್ರಗಳ ವಿಜಯಭಾಸ್ಕರ್. ಅಡೂರರ 'ಮದಿಲುಕಳ್' ಚಿತ್ರಕ್ಕೂ ಅವರದ್ದೇ ಸಂಗೀತ. ಅಷ್ಟೊಂದು ಹಾಡು ಕೊಟ್ಟ ಮನುಷ್ಯ ಇಲ್ಲಿ ಎಷ್ಟು ಕಡಿಮೆ ನುಡಿಸಿದ್ದಾರೆ ಅಂತ ಗಮನಿಸಿ ಕೇಳಬೇಕು.

ಕಿವಿಯ ಕೆಲಸ

ಸಂಗೀತದ ಮಾತು ಬಂದಿದ್ದರಿಂದ ಶಬ್ದದ ವಿಷಯ ಹೇಳುತ್ತೇನೆ. ಅಡೂರರನ್ನು ಮೆಚ್ಚಲು ಕಲಿಯುವುದೆಂದರೆ ಜಾಸ್ತಿ ಮಟ್ಟಿಗೆ ಕೇಳಲು ಕಲಿಯುವುದು.

1977ರ 'ಕೊಡಿಯೇಟ್ಟಂ' ಚಿತ್ರಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ. ದೇವಸ್ಥಾನದ ಚೆಂಡೆ, ಆನೆ ಬರುವ ಸದ್ದು, ಮೈಕಿನ ಮಾತು, ಲಾರಿಯ ಹಾರ್ನು, ಇಷ್ಟೇ. ನಾಯಕ ಶಂಕರನ್‌ಕುಟ್ಟಿ ದೊಡ್ಡವನಾಗಿದ್ದರೂ ಮಗುವಿನಂಥವನು. ಸೋದರಿಯ ದುಡಿಮೆಯಲ್ಲಿ ಊಟ. ಜಾತ್ರೆ ಎಲ್ಲಿದೆಯೋ ಅಲ್ಲಿ ಅವನು. ಮದುವೆ ಮಾಡಿದರೂ ಜಾತ್ರೆ ಬಿಡುವುದಿಲ್ಲ. ಒಂದು ದಿನ ರಸ್ತೆಯಲ್ಲಿ ಹೋಗುವಾಗ ಲಾರಿಯೊಂದು ಅವನ ಮೈತುಂಬ ಕೆಸರು ಹಾರಿಸಿ ಹೋಗುತ್ತದೆ. ನಾವಾದರೆ ಬೈಯುತ್ತಿದ್ದೆವು. ಅವನು ಆ ವೇಗಕ್ಕೆ ಬೆರಗಾಗಿ ನಿಲ್ಲುತ್ತಾನೆ! ಮನುಷ್ಯ ಎಂಥವನು ಅನ್ನುವುದು ಅಷ್ಟರಲ್ಲೇ ಗೊತ್ತಾಗುತ್ತದೆ.

ಅವನ ಊರಿನಲ್ಲಿ ಹಿನ್ನೆಲೆ ಸಂಗೀತ ಹಾಕಿದ್ದರೆ ನಾವು ಇವನನ್ನು ನೋಡಿ ನಗಬೇಕೋ ಮರುಗಬೇಕೋ ಅಂತ ಅದೇ ಹೇಳಿಬಿಡುತ್ತಿತ್ತು. ಇಲ್ಲಿ ಯಾರೂ ಹೇಳುವುದಿಲ್ಲ. ಒಂದು ಸಲ ನೋಡಿದಾಗ ನಗು ಬಂದ ಜಾಗದಲ್ಲಿ ಇನ್ನೊಂದು ಸಲ ಅವನ ಹೆಂಡತಿ ಶಾಂತಮ್ಮನ ಕಷ್ಟ ಕಣ್ಣಿಗೆ ಬೀಳುತ್ತದೆ. ಕೆ.ಪಿ.ಎ.ಸಿ. ಲಲಿತಾ ಆ ಪಾತ್ರವನ್ನು ಮಾಡಿದ್ದಾರೆ. ಶಂಕರನ್‌ಕುಟ್ಟಿ ಕಡೆಗೆ ಲಾರಿಯಲ್ಲಿ ಕೆಲಸಕ್ಕೆ ಸೇರಿ ಊರೂರು ಸುತ್ತಿ, ಅವಳಿಗೆ ಬಟ್ಟೆ ತೆಗೆದುಕೊಂಡು ವಾಪಸ್ ಬರುತ್ತಾನೆ. ತಾನು ಬದಲಾದೆ ಅಂತ ಅವನು ಎಲ್ಲೂ ಭಾಷಣ ಮಾಡುವುದಿಲ್ಲ. ಈ ಪಾತ್ರಕ್ಕೆ ಗೋಪಿ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆಮೇಲೆ ಅವರನ್ನು ಭರತ್ ಗೋಪಿ ಅಂತಲೇ ಕರೆದರು.

'ಮದಿಲುಕಳ್' ಇದಕ್ಕಿಂತ ಮುಂದೆ ಹೋಗುತ್ತದೆ. ವೈಕಂ ಮುಹಮ್ಮದ್ ಬಷೀರ್ ಅವರ ಕಿರುಕಾದಂಬರಿ. 1940ರ ದಶಕದ ಜೈಲು. ಬಷೀರರೇ ನಾಯಕ, ಅವರ ಪಾತ್ರದಲ್ಲಿ ಮಮ್ಮುಟ್ಟಿ. ಜೈಲಿನ ದೊಡ್ಡ ಗೋಡೆಯ ಆಚೆ ಹೆಂಗಸರ ಜೈಲು. ಗೋಡೆಯ ಆಚೆಯಿಂದ ನಾರಾಯಣಿ ಅನ್ನುವವಳ ದನಿ ಬರುತ್ತದೆ. ಮಾತಿಗೆ ಮಾತು ಬೆಳೆದು ಪ್ರೀತಿ ಹುಟ್ಟುತ್ತದೆ. ಅವಳು ಬಂದಿದ್ದಾಳೆ ಅಂತ ತಿಳಿಸಲು ಒಂದು ಒಣ ಕಡ್ಡಿಯನ್ನು ಮೇಲಕ್ಕೆ ಎಸೆಯುತ್ತಾಳೆ. ಗೋಡೆಯ ಮೇಲೆ ಆಕಾಶದಲ್ಲಿ ಆ ಕಡ್ಡಿ ಕಂಡರೆ ಬಷೀರ್ ಓಡಿ ಬರುತ್ತಾರೆ.

ನಾರಾಯಣಿಯ ಮುಖವನ್ನು ಅಡೂರ್ ಒಮ್ಮೆಯೂ ತೋರಿಸುವುದಿಲ್ಲ. ದನಿ ಕೆ.ಪಿ.ಎ.ಸಿ. ಲಲಿತಾ ಅವರದು. ಒಬ್ಬ ನಟಿ ಬರೀ ದನಿಯಿಂದ, ಒಬ್ಬ ನಟ ಬರೀ ಗೋಡೆಯನ್ನು ನೋಡುತ್ತಾ, ಇಷ್ಟು ದೊಡ್ಡ ಪ್ರೇಮಕಥೆ ಕಟ್ಟಿದ್ದಾರೆ. ಇಬ್ಬರೂ ಭೇಟಿಯಾಗುವುದು ಅಂತ ದಿನ ಗೊತ್ತು ಮಾಡಿಕೊಂಡ ಹೊತ್ತಿಗೆ ಬಷೀರರಿಗೆ ಬಿಡುಗಡೆಯ ಆದೇಶ ಬರುತ್ತದೆ. ಎಲ್ಲರೂ ಬಯಸುವ ಬಿಡುಗಡೆ ಅವರಿಗೆ ಬೇಡವಾಗುತ್ತದೆ. ಆ ಮುಖವನ್ನು ಒಂದು ಶಾಟ್‌ನಲ್ಲಾದರೂ ತೋರಿಸಿದ್ದರೆ ನಮ್ಮ ಪಾಲಿಗೆ ಗೋಡೆ ಬಿದ್ದುಹೋಗುತ್ತಿತ್ತು. ನಾವು ಬಷೀರರಿಗಿಂತ ಜಾಸ್ತಿ ತಿಳಿದವರಾಗುತ್ತಿದ್ದೆವು. ಅಡೂರ್ ನಮ್ಮನ್ನೂ ಈಚೆಗೇ ನಿಲ್ಲಿಸಿದ್ದಾರೆ.

ಎಲಿಪ್ಪತ್ತಾಯಂ: ಒಂದು ಮನೆ, ಮೂವರು ಸೋದರಿಯರು, ಒಂದು ಇಲಿಬೋನು

1981ರ 'ಎಲಿಪ್ಪತ್ತಾಯಂ' ಅವರ ಅತ್ಯಂತ ಹೆಸರಾದ ಚಿತ್ರ. ಮರುವರ್ಷ ಬ್ರಿಟಿಷ್ ಫಿಲಂ ಇನ್‌ಸ್ಟಿಟ್ಯೂಟ್‌ನ ಸದರ್‌ಲ್ಯಾಂಡ್ ಟ್ರೋಫಿ ಇದಕ್ಕೆ ಸಿಕ್ಕಿತು. ಭಾರತದಿಂದ ಅದಕ್ಕೆ ಮೊದಲು ಆ ಗೌರವ ಸತ್ಯಜಿತ್ ರಾಯ್ ಅವರ 'ಅಪುರ್ ಸಂಸಾರ್'ಗೆ ಬಂದಿತ್ತು. ಇದೇ ಚಿತ್ರವನ್ನು ತುಂಬಾ ಜನ ಅರ್ಧಕ್ಕೆ ಬಿಡುತ್ತಾರೆ. ಕಾರಣ ಸರಳ. ಹಿನ್ನೆಲೆ ಗೊತ್ತಿಲ್ಲದಿದ್ದರೆ ಸೋಮಾರಿ ಗಂಡಸೊಬ್ಬ ಮನೆಯಲ್ಲಿ ಸುಮ್ನೆ ಕೂತಿದ್ದಾನೆ ಅಂತಷ್ಟೇ ಕಾಣುತ್ತದೆ.

ಹಿನ್ನೆಲೆ ಹೀಗಿದೆ. ಕೇರಳದ ನಾಯರ್ ಕುಟುಂಬಗಳಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಹರಿಯುತ್ತಿತ್ತು. ಅದಕ್ಕೆ ಮರುಮಕ್ಕತ್ತಾಯಂ ಅಂತಾರೆ. ತುಳುನಾಡಿನ ಅಳಿಯ ಸಂತಾನ ಬಲ್ಲವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ದೊಡ್ಡ ಕೂಡುಕುಟುಂಬದ ಮನೆ ತರವಾಡು. ಆಡಳಿತ ಮಾತ್ರ ಹಿರಿಯ ಗಂಡಸಿನದು, ಅಂದರೆ ತಾಯಿಯ ಕಡೆಯ ಮಾವನದು. ಅವನನ್ನು ಕಾರಣವರ್ ಅನ್ನುತ್ತಿದ್ದರು. ಗದ್ದೆಯಲ್ಲಿ ದುಡಿಯುವವರು ಗೇಣಿದಾರರು. ಮನೆಗೆ ಅಕ್ಕಿ, ತೆಂಗಿನಕಾಯಿ ತಾನಾಗಿ ಬರುತ್ತಿತ್ತು.

ಇದು ಹಂತ ಹಂತವಾಗಿ ಕುಸಿಯಿತು. ತಿರುವಾಂಕೂರಿನಲ್ಲಿ 1925ರ ನಾಯರ್ ಕಾಯ್ದೆ ತರವಾಡಿನ ಆಸ್ತಿ ಪಾಲು ಮಾಡಿಕೊಳ್ಳಲು ದಾರಿ ಬಿಟ್ಟಿತು. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ಕೊನೆಯಾಯಿತು. 1975ರ ಕಾಯ್ದೆ ಕೂಡುಕುಟುಂಬದ ಕಾನೂನನ್ನೇ ರದ್ದು ಮಾಡಿತು. ಯಜಮಾನಿಕೆ ಮಾಡಲು ಹುಟ್ಟಿದ ಗಂಡಸಿಗೆ ಯಜಮಾನಿಕೆ ಮಾಡಲು ಏನೂ ಉಳಿಯಲಿಲ್ಲ. ಬೇರೆ ಕೆಲಸವನ್ನು ಅವನು ಕಲಿತಿರಲೂ ಇಲ್ಲ.

ಅಂಥವನೊಬ್ಬ ಉಣ್ಣಿ. ಕರಮನ ಜನಾರ್ದನನ್ ನಾಯರ್ ಆ ಪಾತ್ರ ಮಾಡಿದ್ದಾರೆ. ಪಾಳು ಬೀಳುತ್ತಿರುವ ತರವಾಡಿನಲ್ಲಿ ಇಬ್ಬರು ತಂಗಿಯರ ಜೊತೆ ಇದ್ದಾನೆ. ರಾಜಮ್ಮ ಮನೆಯ ಕೆಲಸವೆಲ್ಲ ಹೊತ್ತವಳು. ಶ್ರೀದೇವಿ ಚಿಕ್ಕವಳು. ಅಕ್ಕ ಜಾನಮ್ಮ ಮದುವೆಯಾಗಿ ಹೋಗಿದ್ದಾಳೆ, ಆಗಾಗ ಬಂದು ತನ್ನ ಪಾಲು ಕೇಳುತ್ತಾಳೆ.

ಈಗ ಸಣ್ಣ ಸಣ್ಣ ದೃಶ್ಯಗಳನ್ನು ನೋಡಿ. ಹಸುವೊಂದು ಅಂಗಳಕ್ಕೆ ನುಗ್ಗುತ್ತದೆ. ಉಣ್ಣಿ ಎದ್ದು ಓಡಿಸುವುದಿಲ್ಲ, ಒಳಗಿರುವ ರಾಜಮ್ಮನನ್ನು ಕೂಗುತ್ತಾನೆ. ರಾತ್ರಿ ತೋಟದಲ್ಲಿ ತೆಂಗಿನಕಾಯಿ ಕಳ್ಳತನದ ಸದ್ದಾದರೆ ಹೊರಗೆ ಹೋಗುವುದಿಲ್ಲ. ಒಂದು ಸಮಾರಂಭಕ್ಕೆ ಬಿಳಿ ಬಟ್ಟೆ ಹಾಕಿಕೊಂಡು ಹೊರಟವನು ದಾರಿಯಲ್ಲಿ ಕೆಸರುನೀರು ನಿಂತಿರುವುದನ್ನು ನೋಡಿ ಮನೆಗೆ ವಾಪಸ್ಸಾಗುತ್ತಾನೆ. ರಾಜಮ್ಮನಿಗೆ ಬಂದ ಸಂಬಂಧವನ್ನು ತಪ್ಪಿಸುತ್ತಾನೆ. ಅವಳು ಹೋದರೆ ಬಿಸಿನೀರು ಕೊಡುವವರು ಯಾರು? ಇದನ್ನು ಅವನು ಬಾಯಿಬಿಟ್ಟು ಹೇಳುವುದಿಲ್ಲ. ಸಂಬಂಧದ ಮಾತು ಬಂದಾಗ ಅವನ ಮುಖ ಗಟ್ಟಿಯಾಗುವುದನ್ನು ನಾವು ನೋಡುತ್ತೇವೆ, ಅಷ್ಟೇ.

ಒಂದೊಂದೂ ಚಿಕ್ಕದು. ಒಟ್ಟಿಗೆ ಇಟ್ಟರೆ ಒಂದು ವರ್ಗದ ಕೊನೆಗಾಲ ಕಾಣುತ್ತದೆ. ಭೂಸುಧಾರಣೆ ಅನ್ನುವ ಪದ ಚಿತ್ರದ ಒಳಗೆ ಬೇಕಾಗುವುದೇ ಇಲ್ಲ. ಆ ಕಾನೂನು ಬೇಲಿಯ ಆಚೆ ಎಲ್ಲೋ ನಡೆದು ಮುಗಿದಿದೆ. ಇಲ್ಲಿ ಒಳಗೆ ಅದರ ನೆರಳು ಇದೆ.

ಇಲಿ ಬರುವುದು ಹೀಗೆ. ರಾತ್ರಿ ಉಣ್ಣಿಗೆ ಇಲಿ ಕಚ್ಚುತ್ತದೆ. ಶ್ರೀದೇವಿ ಅಟ್ಟದಿಂದ ಮರದ ಇಲಿಬೋನು ಇಳಿಸುತ್ತಾಳೆ. ಸಿಕ್ಕ ಇಲಿಯನ್ನು ಬೋನಿನ ಸಮೇತ ಕೆರೆಗೆ ಒಯ್ದು ಮುಳುಗಿಸುತ್ತಾಳೆ. ಈ ನಡಿಗೆ ಮತ್ತೆ ಮತ್ತೆ ಬರುತ್ತದೆ. ಮೊದಲ ಸಲ ನೋಡಿದಾಗ ಇದೇನು ಇಷ್ಟು ಹೊತ್ತು ಅನಿಸುತ್ತದೆ. ಮುಂದೆ ಶ್ರೀದೇವಿ ಮನೆ ಬಿಟ್ಟು ಹೋಗುತ್ತಾಳೆ. ರಾಜಮ್ಮ ಕಾಯಿಲೆ ಬಿದ್ದಾಗ ಉಣ್ಣಿ ಏನೂ ಮಾಡುವುದಿಲ್ಲ. ಊರವರು ಬಂದು ಅವಳನ್ನು ಎತ್ತಿಕೊಂಡು ಹೋಗುತ್ತಾರೆ. ಒಬ್ಬನೇ ಉಳಿದವನು ಬಾಗಿಲು ಹಾಕಿಕೊಂಡು ಒಳಗೆ ಸೇರುತ್ತಾನೆ. ಕೊನೆಗೆ ಜನ ಬಾಗಿಲು ಮುರಿದು ಅವನನ್ನು ಹೊರಗೆಳೆದು ಅದೇ ಕೆರೆಗೆ ಎಸೆಯುತ್ತಾರೆ. ಅವನು ಸಾಯುವುದಿಲ್ಲ. ನೀರಿನಿಂದ ನಡುಗುತ್ತಾ ಎದ್ದು, ಕೈ ಮುಗಿದುಕೊಂಡು ಮೇಲೆ ಬರುತ್ತಾನೆ. ಶ್ರೀದೇವಿಯ ಆ ನಡಿಗೆಗಳು ನಮ್ಮ ಮನಸ್ಸಿನಲ್ಲಿ ಕೂರದೆ ಇದ್ದಿದ್ದರೆ ಈ ಕೊನೆ ಸುಮ್ನೆ ಒಂದು ವಿಚಿತ್ರ ಘಟನೆಯಾಗಿ ಉಳಿಯುತ್ತಿತ್ತು.

ಇದು ಅಡೂರರ ಮೊದಲ ಬಣ್ಣದ ಚಿತ್ರ. ಅವರು ಬಣ್ಣವನ್ನು ಲೆಕ್ಕ ಹಾಕಿ ಬಳಸಿದ್ದಾರೆ. ರಾಜಮ್ಮನಿಗೆ ನೀಲಿ, ಶ್ರೀದೇವಿಗೆ ಕೆಂಪು, ಜಾನಮ್ಮನಿಗೆ ಹಸಿರು. ನೋಡುವಾಗ ಇದು ಎದ್ದು ಕಾಣುವುದಿಲ್ಲ, ಆದರೆ ಮೂವರ ಸ್ವಭಾವ ಮನಸ್ಸಿಗೆ ಬೇರೆ ಬೇರೆಯಾಗಿ ತಾಕುತ್ತದೆ. ಶಾರದಾ ಅವರ ರಾಜಮ್ಮನ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಎಲ್ಲರೂ ಉಣ್ಣಿಯ ಬಗ್ಗೆ ಬರೆಯುತ್ತಾರೆ. ನನಗೆ ಈ ಚಿತ್ರ ರಾಜಮ್ಮನದು. ಅವಳು ಜಗಳ ಮಾಡುವುದಿಲ್ಲ, ದೂರುವುದಿಲ್ಲ. ಅವಳು ಮಾಡುವ ಕೆಲಸದ ಸದ್ದು ಮನೆಯಲ್ಲಿ ನಿಂತುಹೋದಾಗಲೇ ಮನೆ ಸತ್ತಿತು ಅಂತ ಗೊತ್ತಾಗುವುದು.

ಕಷ್ಟದ ಎರಡು ಚಿತ್ರ

'ಮುಖಾಮುಖಂ' (1984) ಮತ್ತು 'ಅನಂತರಂ' (1987) ಸ್ವಲ್ಪ ಪಳಗಿದ ಮೇಲೆ ನೋಡಬೇಕಾದವು.

'ಮುಖಾಮುಖಂ' ಕೇರಳದ ಕಮ್ಯುನಿಸ್ಟ್ ಚಳವಳಿಯ ಕಥೆ. ಶ್ರೀಧರನ್ ಹೆಂಚಿನ ಕಾರ್ಖಾನೆಯ ಕಾರ್ಮಿಕ ನಾಯಕ. ಒಂದು ದಿನ ಕಾಣೆಯಾಗುತ್ತಾನೆ. ಜನ ಅವನನ್ನು ಹುತಾತ್ಮನ ಹಾಗೆ ನೆನೆಯುತ್ತಾರೆ. ನಡುವೆ 1964ರಲ್ಲಿ ಪಕ್ಷ ಒಡೆಯುತ್ತದೆ. ವರ್ಷಗಳ ಮೇಲೆ ಶ್ರೀಧರನ್ ವಾಪಸ್ ಬರುತ್ತಾನೆ. ಬಂದವನು ಮಾತಾಡುವುದಿಲ್ಲ. ಕುಡಿಯುತ್ತಾನೆ, ಮಲಗುತ್ತಾನೆ. ತಮ್ಮ ಮನಸ್ಸಿನಲ್ಲಿ ಕಟ್ಟಿಕೊಂಡ ನಾಯಕನನ್ನು ಇವನಲ್ಲಿ ಹುಡುಕುವ ಜನರಿಗೆ ಇದು ಸಹಿಸಲಾಗದ ಸ್ಥಿತಿ. ಚಿತ್ರ ಬಂದಾಗ ಎಡಪಕ್ಷದವರಿಂದ ತುಂಬಾ ಟೀಕೆ ಬಂತು. ಪಕ್ಷದ ಮೇಲೆ ದಾಳಿ ಅಂದರು. ನನಗೆ ಹಾಗೆ ಕಾಣುವುದಿಲ್ಲ. ಜನ ತಮ್ಮ ನಂಬಿಕೆಯನ್ನೆಲ್ಲ ಒಬ್ಬನ ಮೇಲೆ ಹೊರಿಸಿದಾಗ ಆ ಮನುಷ್ಯನಿಗೂ ಆ ನಂಬಿಕೆಗೂ ಏನಾಗುತ್ತದೆ ಅನ್ನುವ ನೋವಿನ ಪ್ರಶ್ನೆ ಅದರಲ್ಲಿದೆ.

'ಅನಂತರಂ'ನಲ್ಲಿ ಅಜಯನ್ ಎಂಬ ಹುಡುಗ ತನ್ನ ಕಥೆಯನ್ನು ಎರಡು ಸಲ ಹೇಳುತ್ತಾನೆ. ಮೊದಲ ಸಲ ಬಿಟ್ಟಿದ್ದು ಎರಡನೇ ಸಲ ಬರುತ್ತದೆ. ಎರಡೂ ಹೊಂದುತ್ತವೆಯೇ, ಎಷ್ಟು ನಡೆದದ್ದು, ಎಷ್ಟು ಅವನ ತಲೆಯಲ್ಲಿ ಹುಟ್ಟಿದ್ದು? ಶೋಭನಾ ಎರಡು ಪಾತ್ರದಲ್ಲಿದ್ದಾರೆ. ಒಬ್ಬಳು ಅಣ್ಣನ ಹೆಂಡತಿ. ಇನ್ನೊಬ್ಬಳು ಅವನು ಪ್ರೀತಿಸಿದೆ ಅನ್ನುವವಳು. ನಮಗೆ ಕಾಣುವುದೆಲ್ಲ ಅಜಯನ್ ಹೇಳಿದ್ದರಿಂದ ಕಂಡದ್ದು ಅಂತ ನೆನಪಿಟ್ಟುಕೊಂಡರೆ ಗೊಂದಲ ಕಡಿಮೆಯಾಗುತ್ತದೆ. ಇಲ್ಲಿ ಗೋಡೆ ಇರುವುದು ಅವನ ಮನಸ್ಸಿನಲ್ಲೇ. ಆದ್ದರಿಂದ ಕ್ಯಾಮೆರಾ ಹೊರಗೆ ಹೋಗಿ ನಿಜವನ್ನು ತೋರಿಸಲಾರದು.

ಇಂಥ ಸಿನಿಮಾಗೆ ದುಡ್ಡು ಹಾಕಿದವರು ಯಾರು?

ಈ ಪ್ರಶ್ನೆ ಯಾರಿಗಾದರೂ ಬರುತ್ತದೆ. ಮೊದಲ ಚಿತ್ರಗಳನ್ನು ಚಿತ್ರಲೇಖಾ ಸಹಕಾರಿ ಸಂಘ ಮಾಡಿತು. ಆಮೇಲೆ ಬಂದವರು ಕೊಲ್ಲಂನ ಗೋಡಂಬಿ ಉದ್ಯಮಿ ಕೆ. ರವೀಂದ್ರನಾಥನ್ ನಾಯರ್. 'ಎಲಿಪ್ಪತ್ತಾಯಂ', 'ಮುಖಾಮುಖಂ', 'ಅನಂತರಂ', 'ವಿಧೇಯನ್' ನಾಲ್ಕಕ್ಕೂ ಅವರೇ ನಿರ್ಮಾಪಕರು. ಮಲಯಾಳದ ಇನ್ನೊಬ್ಬ ನಿರ್ದೇಶಕ ಅರವಿಂದನ್ ಅವರ ಚಿತ್ರಗಳಿಗೂ ದುಡ್ಡು ಹಾಕಿದರು. ಇಂಥ ಒಬ್ಬರು ಬೆನ್ನಿಗಿಲ್ಲದಿದ್ದರೆ 80ರ ದಶಕದ ಆ ಸಾಲು ಸಾಲು ಚಿತ್ರಗಳು ಆಗುತ್ತಲೇ ಇರಲಿಲ್ಲ.

ಜೊತೆಗಾರರೂ ಬದಲಾಗಲಿಲ್ಲ. ಛಾಯಾಗ್ರಾಹಕ ಮಂಕಡ ರವಿವರ್ಮ ಮೊದಲ ಚಿತ್ರದಿಂದ 2002ರ 'ನಿಳಲ್‌ಕುತ್ತ್' ತನಕ ಜೊತೆಗಿದ್ದರು. ಸಂಕಲನಕ್ಕೆ ಎಂ. ಮಣಿ, ಶಬ್ದಕ್ಕೆ ದೇವದಾಸ್, ಸಂಗೀತಕ್ಕೆ ಬಹುಕಾಲ ಎಂ.ಬಿ. ಶ್ರೀನಿವಾಸನ್. ಚಿತ್ರಕಥೆಯನ್ನು ಅಡೂರ್ ತಾವೇ ಬರೆಯುತ್ತಾರೆ. ನಟರ ಕೈಗೆ ಪೂರ್ತಿ ಚಿತ್ರಕಥೆ ಕೊಡುವುದಿಲ್ಲ, ದೃಶ್ಯ ಬಂದಾಗ ಹೇಳಿಕೊಡುತ್ತಾರೆ. ಮಮ್ಮುಟ್ಟಿಯಂಥ ದೊಡ್ಡ ತಾರೆ ಇಲ್ಲಿ ತಾರೆಯ ಹಾಗೆ ಕಾಣದಿರಲು ಇದೂ ಒಂದು ಕಾರಣ ಇರಬೇಕು. ತನ್ನ ಪಾತ್ರಕ್ಕೆ ಮುಂದೇನಾಗುತ್ತದೆ ಅಂತ ನಟನಿಗೆ ಗೊತ್ತಿಲ್ಲದಿದ್ದರೆ ಅವನು ಈ ಗಳಿಗೆಯಲ್ಲೇ ಇರಬೇಕಾಗುತ್ತದೆ, ಅಲ್ವಾ?

ಎಲ್ಲ ಚಿತ್ರಗಳೂ ಒಂದೇ ಎತ್ತರದವು ಅಂತ ನಾನು ಹೇಳುವುದಿಲ್ಲ. ತಕಳಿ ಶಿವಶಂಕರ ಪಿಳ್ಳೆ ಅವರ ಕಥೆಗಳಿಂದ ಮಾಡಿದ 'ನಾಲು ಪೆಣ್ಣುಂಗಳ್' (2007) ತುಂಬಾ ಒಳ್ಳೆಯದು. ಸರಳವಾಗಿದೆ, ಹೊಸಬರಿಗೂ ಹಿಡಿಸುತ್ತದೆ. 2016ರ 'ಪಿನ್ನೆಯುಂ' ಮಾತ್ರ ನನಗೆ ಒಣಗಿದಂತೆ ಕಂಡಿತು. ಅಲ್ಲಿ ಪಾತ್ರಗಳು ತಮ್ಮ ಮನಸ್ಸಿನಲ್ಲಿರುವುದನ್ನು ಮಾತಿನಲ್ಲೇ ಹೇಳಿಬಿಡುತ್ತವೆ. ಹಳೆಯ ಚಿತ್ರಗಳಲ್ಲಿ ಆ ಕೆಲಸವನ್ನು ಒಂದು ಬಾಗಿಲಿನ ಸದ್ದು ಮಾಡುತ್ತಿತ್ತು.

ಇತ್ತೀಚಿನ ವಿವಾದಗಳನ್ನೂ ಹೇಳಬೇಕು. ಕೋಟ್ಟಯಂ ಹತ್ತಿರದ ಕೆ.ಆರ್. ನಾರಾಯಣನ್ ಫಿಲಂ ಇನ್‌ಸ್ಟಿಟ್ಯೂಟ್‌ನಲ್ಲಿ ಜಾತಿ ತಾರತಮ್ಯದ ದೂರಿನ ಮೇಲೆ ವಿದ್ಯಾರ್ಥಿಗಳು ಮುಷ್ಕರ ಮಾಡಿದಾಗ ಅಡೂರ್ ಅಲ್ಲಿನ ಅಧ್ಯಕ್ಷರು. ಅವರು ಸಂಸ್ಥೆಯ ನಿರ್ದೇಶಕರ ಪರ ನಿಂತರು. 2023ರ ಜನವರಿಯಲ್ಲಿ ರಾಜೀನಾಮೆ ಕೊಟ್ಟರು. 2025ರಲ್ಲಿ, ದಲಿತರಿಗೆ ಮತ್ತು ಮಹಿಳೆಯರಿಗೆ ಸಿನಿಮಾ ಮಾಡಲು ಸರ್ಕಾರ ಕೊಡುವ ಹಣದ ಬಗ್ಗೆ ಅವರು ಆಡಿದ ಮಾತಿಗೆ ದೊಡ್ಡ ವಿರೋಧ ಬಂತು. ಆ ವಿರೋಧ ಸರಿಯಾದದ್ದು ಅಂತ ನನ್ನ ಅಭಿಪ್ರಾಯ. ಅಧಿಕಾರ ಮನುಷ್ಯನನ್ನು ಹೇಗೆ ಬಗ್ಗಿಸುತ್ತದೆ ಅಂತ 'ವಿಧೇಯನ್' ಮಾಡಿ ತೋರಿಸಿದವರಿಂದ ಆ ಮಾತು ಬಂದಾಗ ಬೇಸರ ಜಾಸ್ತಿಯೇ ಆಯಿತು. ಆ ಬೇಸರವನ್ನು ಬದಿಗಿಡದೆಯೇ ನಾನು ಅವರ ಚಿತ್ರಗಳನ್ನು ನೋಡುತ್ತೇನೆ.

ಯಾವ ಕ್ರಮದಲ್ಲಿ ನೋಡುವುದು

ಬಿಡುಗಡೆಯ ಕ್ರಮದಲ್ಲೇ ನೋಡಬೇಕು ಅಂತೇನೂ ಇಲ್ಲ. 'ವಿಧೇಯನ್' ಮೊದಲು. ಅದರಲ್ಲಿ ಕಥೆಯ ಓಟ ಗಟ್ಟಿಯಾಗಿದೆ, ಊರು ನಮಗೆ ಗೊತ್ತಿರುವುದು. ಆಮೇಲೆ 'ಮದಿಲುಕಳ್'. ಮೂರನೆಯದಾಗಿ 'ಕೊಡಿಯೇಟ್ಟಂ', ಆಗ ಕಿವಿ ಪಳಗಿರುತ್ತದೆ. ಅಷ್ಟಾದ ಮೇಲೆ 'ಎಲಿಪ್ಪತ್ತಾಯಂ' ನೋಡಿ, ಆ ಮನೆಯ ಬೀಗ, ಚಿಲಕಗಳೇ ಮಾತಾಡತೊಡಗುತ್ತವೆ. 'ಸ್ವಯಂವರಂ' ಬೇಕಾದಾಗ ನೋಡಬಹುದು. 'ಮುಖಾಮುಖಂ' ನೋಡುವ ಮುಂಚೆ 1957ರ ಇ.ಎಂ.ಎಸ್. ಸರ್ಕಾರ, ಅಂದರೆ ಕೇರಳದ ಮೊದಲ ಕಮ್ಯುನಿಸ್ಟ್ ಸರ್ಕಾರ, 1964ರ ಪಕ್ಷದ ಒಡಕು, ಇಷ್ಟರ ಬಗ್ಗೆ ಒಂದು ಪುಟ ಓದಿಕೊಂಡರೆ ಸಾಕು. 'ಅನಂತರಂ' ಕೊನೆಗೆ.

ಫೋನಿನಲ್ಲಿ ನೋಡುವುದಾದರೆ ಹೆಡ್‌ಫೋನ್ ಹಾಕಿಕೊಳ್ಳಿ, ಇಲ್ಲದಿದ್ದರೆ ಅರ್ಧ ಚಿತ್ರ ಸಿಗುವುದೇ ಇಲ್ಲ. ಮೊದಲ ಸಲ ಸಬ್‌ಟೈಟಲ್ ಬೇಕೇ ಬೇಕು. ಎರಡನೇ ಸಲ ಅದನ್ನು ತೆಗೆದು ನೋಡಿ. ಈ ಚಿತ್ರಗಳಲ್ಲಿ ಮಾತು ಕಡಿಮೆ, ಮಲಯಾಳವೂ ನಮ್ಮ ಕಿವಿಗೆ ಅಷ್ಟು ದೂರದ್ದಲ್ಲ. ಅಕ್ಷರದ ಮೇಲಿದ್ದ ಕಣ್ಣು ಮುಖದ ಮೇಲೆ, ಕೈಯ ಮೇಲೆ, ಹಿಂದೆ ಅರ್ಧ ತೆರೆದ ಬಾಗಿಲಿನ ಮೇಲೆ ಹೋಗುತ್ತದೆ. ರಾಜಮ್ಮನನ್ನು ನಾನು ಸರಿಯಾಗಿ ನೋಡಿದ್ದು ಹಾಗೆ ನೋಡಿದಾಗಲೇ.